ಪ್ರತಿವೇದಕರು

ಮೌರ್ಯ ಚಕ್ರವರ್ತಿ ಅಶೋಕನಿಗೆ (ಆಳ್ವಿಕೆ ಸು. ಕ್ರಿ.ಪೂ. 268–232) ಪ್ರಜೆಗಳ ಸುದ್ದಿ ಮುಟ್ಟಿಸುತ್ತಿದ್ದ ವರದಿಗಾರರು. 6ನೆಯ ಪ್ರಧಾನ ಶಿಲಾಶಾಸನದ ಪ್ರಕಾರ ಅರಸ ಊಟಕ್ಕೆ ಕುಳಿತಿರಲಿ, ಅಂತಃಪುರದಲ್ಲಿರಲಿ, ಇವರು ಯಾವ ಹೊತ್ತಿನಲ್ಲಾದರೂ ಬಂದು ಜನರ ವಿಷಯ ಅರಿಕೆ ಮಾಡಬಹುದಿತ್ತು. ಉದ್ದೇಶ ಪ್ರಜಾಹಿತವೆಂದು ಶಾಸನ ಸಾರುತ್ತದೆ. ಸಾರುವವನು ಅರಸನೇ, ಪ್ರಜೆಯ ಮಾತು ಯಾವ ಬಂಡೆಯ ಮೇಲೂ ಇಲ್ಲ. ಬೇಹುಗಾರರಿಗೆ ಸಂನ್ಯಾಸಿ, ವ್ಯಾಪಾರಿಗಳ ವೇಷ ತೊಡಿಸುವ ಕೌಟಿಲ್ಯನ ಅರ್ಥಶಾಸ್ತ್ರಕ್ಕೆ ಹೋಲಿಸಿದರೆ ಇದು ಬಹಿರಂಗ ಏರ್ಪಾಡು ಎನ್ನಬೇಕು.

ಈ ಶಾಸನದ ಒಂದು ಪ್ರತಿ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಸಿಂಧನೂರು–ಲಿಂಗಸುಗೂರು ದಾರಿಯ ಮೇಲಿರುವ ಮಸ್ಕಿಯಲ್ಲಿ 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಕಂಡದ್ದು ಮಾತ್ರ ಬೇರೊಂದು ಕಿರುಶಾಸನ. ಶಾಸನಗಳ ‘ದೇವಾನಾಂಪ್ರಿಯ’ನೇ ಅಶೋಕನೆಂಬುದು ಅದರಿಂದ ಖಚಿತವಾಯಿತು. ಅದರಲ್ಲಿ ಪ್ರತಿವೇದಕರ ಪ್ರಸ್ತಾಪವಿಲ್ಲ. ಆದರೆ ಈ ಸೀಮೆಯಲ್ಲಿ ಆಡಳಿತದ ಹಿಡಿತ ಹೇಗಿತ್ತೆಂಬುದಕ್ಕೆ ನೆರೆಯ ಶಾಸನಗಳು ಸಾಕ್ಷಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಶಾಸನದಲ್ಲಿ ಸುವರ್ಣಗಿರಿಯ ಆರ್ಯಪುತ್ರ (ರಾಜಕುಮಾರ) ಇಸಿಲ ಪಟ್ಟಣದ ಮಹಾಮಾತ್ರರೆಂಬ ಅಧಿಕಾರಿಗಳಿಗೆ, ಕುಶಲ ವಿಚಾರಿಸಿಯೇ, ಆಜ್ಞೆ ಕಳಿಸುತ್ತಾನೆ. ಎರ್ರಗುಡಿಯ ಕಿರುಶಾಸನದಲ್ಲಿ ಆಜ್ಞೆ ರಜ್ಜುಕನೆಂಬ ಅಧಿಕಾರಿಗೆ ಹೋಗುತ್ತದೆ, ಅವನು ಭೇರಿ ಹೊಡೆಸಿ ಜನಪದವನ್ನು ಕೂಡಿಸಬೇಕು. ಸುವರ್ಣಗಿರಿಯೆಂದರೆ ಮಸ್ಕಿಯೆಂದು ಕೆಲವರು, ಕನಕಗಿರಿಯೆಂದು ಕೆಲವರು ವಾದಿಸಿದ್ದಾರೆ. ಮೇಲಿನಿಂದ ಆಜ್ಞೆ, ಕೆಳಗಿನಿಂದ ಸುದ್ದಿ: ಎರಡೂ ಒಂದೇ ಯಂತ್ರದ ಭಾಗಗಳು.

ಇಂಥ ಯಂತ್ರದ ಆಧುನಿಕ ರೂಪವನ್ನು ಕಲ್ಪಿಸಿದ ಜಾರ್ಜ್ ಆರ್ವೆಲ್‌ನ ‘1984’ (1949) ಕಾದಂಬರಿಯಲ್ಲಿ ವರದಿಗಾರನ ಜಾಗಕ್ಕೆ ಮನೆಯೊಳಗೆ ಕಣ್ಣಿಡುವ ಪರದೆ ಬಂದು ನಿಲ್ಲುತ್ತದೆ. ಅದನ್ನು ಆರಿಸುವ ಹಕ್ಕು ಸಾಮಾನ್ಯನಿಗಿಲ್ಲ. ಭಾರತದಲ್ಲಿ ಪ್ರಭುತ್ವ ಪ್ರಜೆಯ ಬಗ್ಗೆ ಎಷ್ಟು ತಿಳಿದಿರಬಹುದೆಂಬ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಯ್ದವರಲ್ಲಿ ಪ್ರಮುಖರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅವರು ಸಲ್ಲಿಸಿದ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು.