ಚನ್ನಪಟ್ಟಣದ ತಂತಿ, ತಮಟೆಯ ಚರ್ಮ: ರಾಮನಗರ ಸೀಮೆಯ ನಾದಪರಂಪರೆ ಮತ್ತು ತರಂಗವಿಜ್ಞಾನ

ಕರ್ನಾಟಕದ ಜನಪದ ವಾದ್ಯಗಳನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ವಿವರಣಾತ್ಮಕವಾದವು. ವಾದ್ಯದ ಹೆಸರು, ಅದರ ಅಳತೆ, ಬಳಸುವ ಸಮುದಾಯ, ನುಡಿಸುವ ಸಂದರ್ಭ, ಸಂಬಂಧಪಟ್ಟ ಐತಿಹ್ಯ ಇವಿಷ್ಟನ್ನು ದಾಖಲಿಸಿ ಅವು ವಿರಮಿಸುತ್ತವೆ. ತತ, ಸುಷಿರ, ಅವನದ್ಧ, ಘನ ಎಂಬ ಭರತನ ಕಾಲದ ವರ್ಗೀಕರಣವನ್ನು ಇಂದಿಗೂ ಅನುಸರಿಸಲಾಗುತ್ತಿದೆ. ಈ ವರ್ಗೀಕರಣಕ್ಕೆ ಆಧಾರವಾಗಿರುವುದು ಕಂಪಿಸುವ ವಸ್ತುವೇ. ತಂತಿ ಕಂಪಿಸಿದರೆ ತತ, ಗಾಳಿಯ ಕಂಬ ಕಂಪಿಸಿದರೆ ಸುಷಿರ, ಬಿಗಿದ ಚರ್ಮ ಕಂಪಿಸಿದರೆ ಅವನದ್ಧ, ವಾದ್ಯದ ಒಡಲೇ ಕಂಪಿಸಿದರೆ ಘನ. ವಿಭಾಗ ಕ್ರಮವೇ ಭೌತವಿಜ್ಞಾನದ ನೆಲೆಯದಾಗಿದ್ದರೂ ಕಂಪನದ ಸ್ವರೂಪವೇನೆಂಬ ವಿಚಾರಕ್ಕೆ ಜಾನಪದ ವಿದ್ವಾಂಸರು ಹೆಚ್ಚು ಗಮನ ಕೊಟ್ಟಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಸೀಮೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಲು ವಿಶೇಷ ಕಾರಣವಿದೆ. ದಕ್ಷಿಣ ಭಾರತದ ತಂತಿವಾದ್ಯಗಳಿಗೆ ಉಕ್ಕಿನ ತಂತಿಯನ್ನು ಒದಗಿಸುತ್ತಿದ್ದ ಊರು ಈ ಸೀಮೆಯಲ್ಲಿಯೇ ಇತ್ತು.

ನಾಲ್ಕೂ ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. 2025ರಲ್ಲಿ ರಾಜ್ಯ ಸರ್ಕಾರ ಇದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರಿಡಲು ತೀರ್ಮಾನಿಸಿತು. ಆಡಳಿತದ ಗಡಿಗಳು ಹೀಗೆ ಬದಲಾಗುತ್ತಿದ್ದರೂ ಮೈಸೂರು ಹಾಗೂ ಬೆಂಗಳೂರುಗಳ ನಡುವಣ ಹೆದ್ದಾರಿಯ ಈ ಪ್ರದೇಶಕ್ಕೆ ತನ್ನದೇ ಆದ ಸಾಂಸ್ಕೃತಿಕ ಏಕತೆಯುಂಟು. ಶ್ರೀರಂಗಪಟ್ಟಣದ ಪತನದ ಮರುವರ್ಷ, ಅಂದರೆ 1800ರಲ್ಲಿ, ಈ ದಾರಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಚನ್ನಪಟ್ಟಣದ ಕಸುಬುಗಳನ್ನು ಕುರಿತು ಬರೆಯುವಾಗ ಗಾಜಿನ ಬಳೆಗಳ ಜೊತೆಗೆ ವಾದ್ಯಗಳಿಗೆ ಬಳಸುವ ಉಕ್ಕಿನ ತಂತಿಯನ್ನು ಹೆಸರಿಸಿದ್ದಾನೆ. ಅದಕ್ಕೆ ಬಹಳ ಬೇಡಿಕೆಯಿದ್ದು ಭಾರತದ ದೂರದ ಭಾಗಗಳಿಗೂ ಹೋಗುತ್ತಿತ್ತೆಂದು ತಿಳಿಸಿದ್ದಾನೆ. ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಸುಮಾರು ಮುಕ್ಕಾಲು ಶತಮಾನದ ಬಳಿಕ ಮೈಸೂರು ಗ್ಯಾಸೆಟಿಯರನ್ನು ರಚಿಸಿದ ಬಿ. ಎಲ್. ರೈಸ್ ಕೂಡ ಇದೇ ಮಾತನ್ನು ಹೇಳುತ್ತಾನೆ. ಚನ್ನಪಟ್ಟಣವೆಂದೊಡನೆ ಇಂದು ಮನಸ್ಸಿಗೆ ಬರುವುದು ಅರಗಿನ ಬಣ್ಣದ ಮರದ ಗೊಂಬೆ. ಗೊಂಬೆಯ ಕೀರ್ತಿಯ ಮರೆಯಲ್ಲಿ ತಂತಿಯ ಕಸುಬು ಮರೆತುಹೋಗಿದೆ. ಸ್ಥಳೀಯ ಇತಿಹಾಸದ ಬರವಣಿಗೆಗಳಲ್ಲಿಯೂ ಅದಕ್ಕೆ ಒಂದೆರಡು ವಾಕ್ಯಗಳಿಗಿಂತ ಹೆಚ್ಚಿನ ಸ್ಥಾನ ದೊರೆತಿಲ್ಲ.

ತಂತಿಯೊಂದು ಹೆಸರುವಾಸಿಯಾಗುವುದೆಂದರೇನು? ಗೊಂಬೆಯ ಅಂದವನ್ನು ಕಣ್ಣು ಗುರುತಿಸುತ್ತದೆ. ತಂತಿಗೆ ಅಂತಹ ಹೊರಚೆಲುವಿಲ್ಲ. ಅದರ ಗುಣವನ್ನು ಕಿವಿಯೇ ತೀರ್ಮಾನಿಸಬೇಕು. ಈ ಪ್ರಶ್ನೆಗೆ ಉತ್ತರ ತಂತಿಯ ಮೇಲೆ ಅಲೆ ಚಲಿಸುವ ಕ್ರಮದಲ್ಲಿದೆ.

ಎರಡು ತುದಿಗಳಲ್ಲಿ ಬಿಗಿದ ತಂತಿಯನ್ನು ಮೀಟಿದಾಗ ಅದರ ಮೇಲೆ ಅಡ್ಡ ತರಂಗಗಳು ಹುಟ್ಟಿ ತುದಿಯಿಂದ ತುದಿಗೆ ಓಡುತ್ತವೆ. ಕುದುರೆಯ ಬಳಿ ತಲುಪಿದ ಅಲೆ ಅಲ್ಲಿಂದ ಹಿಂದಿರುಗಿ ಇದಿರು ಬರುವ ಅಲೆಯೊಡನೆ ಬೆರೆಯುತ್ತದೆ. ಈ ಬೆರಕೆಯಿಂದ ತಂತಿಯ ಕೆಲವು ಬಿಂದುಗಳು ನಿಶ್ಚಲವಾಗಿಯೂ ಕೆಲವು ಭಾಗಗಳು ಅತ್ಯಂತ ಚಂಚಲವಾಗಿಯೂ ತೋರುತ್ತವೆ. ಇದೇ ಸ್ಥಿರ ತರಂಗ. ಇಡೀ ತಂತಿ ಒಂದೇ ಬಾಗಾಗಿ ತೂಗಿದರೆ ಮೂಲಸ್ವರ, ಎರಡು ಪಾಲಾಗಿ ತೂಗಿದರೆ ಅದರ ಇಮ್ಮಡಿ ಆವೃತ್ತಿಯ ಉಪಸ್ವರ, ಮೂರು ಪಾಲಾದರೆ ಮುಮ್ಮಡಿ. ಒಂದೇ ಮೀಟಿಗೆ ಇವೆಲ್ಲವೂ ಏಕಕಾಲದಲ್ಲಿ ಏಳುತ್ತವೆ. ಆವೃತ್ತಿಯು ತಂತಿಯ ಉದ್ದ ಹೆಚ್ಚಿದಂತೆ ಇಳಿಯುತ್ತದೆ, ಬಿಗಿತದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ, ಉದ್ದಳತೆಯ ಪ್ರತಿ ಪಾಲಿನ ತೂಕದ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ. ಫ್ರಾನ್ಸಿನ ಪಾದ್ರಿ ಮೆರ್ಸೆನ್ 1636ರಲ್ಲಿ ಪ್ರಕಟಿಸಿದ ಈ ನಿಯಮಗಳನ್ನು ವೈಣಿಕರೂ ತಂಬೂರಿಯವರೂ ಬೆರಳಿನಿಂದ, ಬಿರಡೆಯಿಂದ ಬಲ್ಲವರೇ ಆಗಿದ್ದರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ತೆಳು ತಂತಿ ಏರುಸ್ವರ ಕೊಡುತ್ತದೆ, ದಪ್ಪ ತಂತಿ ಮಂದ್ರ ಕೊಡುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಒಂದೇ ಬಿಗಿತದಲ್ಲಿ ಹೋಲಿಸಿದರೆ ಅದು ಸರಿಯೇ. ಆದರೆ ನಿರ್ದಿಷ್ಟ ಉದ್ದದ ತಂತಿಯನ್ನು ಹರಿಯುವ ಮುನ್ನ ಎಷ್ಟು ಎತ್ತರದ ಸ್ವರಕ್ಕೆ ಏರಿಸಬಹುದೆಂಬುದು ಅದರ ದಪ್ಪವನ್ನು ಅವಲಂಬಿಸಿಲ್ಲ. ತಂತಿಯ ವ್ಯಾಸವನ್ನು ಇಮ್ಮಡಿಸಿದರೆ ತೂಕ ನಾಲ್ಕು ಪಟ್ಟಾಗುತ್ತದೆ. ಅದೇ ಸ್ವರಕ್ಕೆ ಬೇಕಾದ ಬಿಗಿತವೂ ನಾಲ್ಕು ಪಟ್ಟು, ಆ ಬಿಗಿತವನ್ನು ಹೊರುವ ಅಡ್ಡಕೊಯ್ತದ ವಿಸ್ತಾರವೂ ನಾಲ್ಕು ಪಟ್ಟು. ಲೋಹದ ಪ್ರತಿ ಚದರ ಮಿಲಿಮೀಟರಿನ ಮೇಲೆ ಬೀಳುವ ಭಾರ ಅಷ್ಟಕ್ಕಷ್ಟೇ. ಉದಾಹರಣೆಗೆ 60 ಸೆಂಟಿಮೀಟರ್ ಉದ್ದದ ಉಕ್ಕಿನ ತಂತಿಯನ್ನು ಸೆಕೆಂಡಿಗೆ 200 ಕಂಪನಗಳಿಗೆ ಶ್ರುತಿಗೊಳಿಸಿದರೆ ಅದರ ಮೇಲೆ ಅಲೆಯ ವೇಗ ಸೆಕೆಂಡಿಗೆ 240 ಮೀಟರ್ ಇರಬೇಕಾಗುತ್ತದೆ. ಅದಕ್ಕಾಗಿ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 46 ಕಿಲೋಗ್ರಾಂ ಭಾರದಷ್ಟು ಬಿಗಿಯಬೇಕು. ಕಾಯಿಸಿ ಮೆದುಗೊಳಿಸಿದ ಕಬ್ಬಿಣ 30ರಿಂದ 35 ಕಿಲೋಗ್ರಾಮಿನ ಸುಮಾರಿಗೆ ಹರಿಯುತ್ತದೆ. ತಂತಿಯಾಗಿ ಎಳೆದಾಗ ಅದು ಗಡಸಾಗುವುದು ನಿಜವಾದರೂ ಶ್ರುತಿ ಏರಿಸುವವನಿಗೆ ಉಳಿಯುವ ಅವಕಾಶ ಕಡಿಮೆ. ಇಂಗಾಲ ಬೆರೆತ ಉಕ್ಕನ್ನು ಎಳೆದು ಮಾಡಿದ ತಂತಿಯಾದರೋ 100 ಕಿಲೋಗ್ರಾಮಿಗೂ ಮಿಗಿಲಾದ ಭಾರವನ್ನು ತಾಳಬಲ್ಲದು. ಆದ್ದರಿಂದ ಏರುಸ್ವರದ ಎಲ್ಲೆಯನ್ನು ನಿರ್ಧರಿಸುತ್ತಿದ್ದುದು ವಾದಕನ ಕೈಯಲ್ಲ, ವಾದ್ಯ ತಯಾರಕನ ಜಾಣ್ಮೆಯೂ ಅಲ್ಲ, ಕುಲುಮೆಯ ಹದ.

ಇನ್ನೊಂದು ಗುಣ ಸಮತೆಯದು. ಉಪಸ್ವರಗಳು ಮೂಲಸ್ವರದ ಪೂರ್ಣ ಗುಣಕಗಳಾಗಿ ನಿಲ್ಲಬೇಕಾದರೆ ತಂತಿಯ ದಪ್ಪ ಉದ್ದಕ್ಕೂ ಒಂದೇ ಆಗಿರಬೇಕು. ಒಂದೆಡೆ ದಪ್ಪ, ಒಂದೆಡೆ ತೆಳುವಾದರೆ ಎರಡು ಪಾಲಾಗಿ ತೂಗುವಾಗ ನಿಶ್ಚಲ ಬಿಂದು ನಡುಮಧ್ಯದಿಂದ ಸರಿಯುತ್ತದೆ, ಎರಡನೆಯ ಉಪಸ್ವರ ಇಮ್ಮಡಿಗೆ ಹೊಂದುವುದಿಲ್ಲ. ಅಂತಹ ತಂತಿಯನ್ನು ಎಷ್ಟು ತಿರುಗಿಸಿದರೂ ಶ್ರುತಿ ಕೂಡದು. ಕ್ರಮವಾಗಿ ಕಿರಿದಾಗುವ ರಂಧ್ರಗಳುಳ್ಳ ಅಚ್ಚಿನ ಮೂಲಕ ಗಡಸು ಉಕ್ಕನ್ನು ಹರಿಯದಂತೆ, ಏರುಪೇರಾಗದಂತೆ ಎಳೆಯುವುದು ಸಾಮಾನ್ಯ ಕಮ್ಮಾರಿಕೆಯಲ್ಲ. ಇಂಗಾಲ ಹೆಚ್ಚಿದಷ್ಟೂ ಉಕ್ಕು ಬಲಿಷ್ಠವಾಗುತ್ತದೆ, ಅಷ್ಟೇ ಪೆಡಸೂ ಆಗುತ್ತದೆ. ಚನ್ನಪಟ್ಟಣದ ತಂತಿಗೆ ದೂರದೇಶದ ಬೇಡಿಕೆ ಇತ್ತೆಂಬ ಬುಕನನ್ನನ ಒಂದು ವಾಕ್ಯದ ಹಿಂದೆ ಈ ಎರಡು ವಿರುದ್ಧ ಗುಣಗಳನ್ನು ಒಲಿಸಿಕೊಂಡ ಕುಶಲತೆ ಅಡಗಿದೆ.

ಉಕ್ಕು ಎಲ್ಲಿಂದ? ಮಾಗಡಿ ಸೀಮೆಯಲ್ಲಿ ಅದಿರು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದುದನ್ನೂ, ಮೈಸೂರು ರಾಜ್ಯದ ಬೇರೆಡೆಗಳಲ್ಲಿ ಆ ಕಬ್ಬಿಣದ ತುಂಡನ್ನು ತಂಗಡಿ ಕಡ್ಡಿ ಹಾಗೂ ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು ಕಾಯಿಸಿ ಉಕ್ಕು ಮಾಡುತ್ತಿದ್ದುದನ್ನೂ ಬುಕನನ್ ವಿವರಿಸಿದ್ದಾನೆ. ಕಡ್ಡಿ ಎಲೆಗಳು ಇಲ್ಲಿ ಇಂಗಾಲದ ಮೂಲ. ಉಕ್ಕು ತಯಾರಾಗುತ್ತಿದ್ದ ತಾಲ್ಲೂಕುಗಳನ್ನು ಹೆಸರಿಸುವಾಗ ರೈಸ್ ಹೆಗ್ಗಡದೇವನಕೋಟೆ, ಮಧುಗಿರಿಗಳೊಡನೆ ಕನಕಪುರಕ್ಕೆ ತಾಗಿದ ಮಳವಳ್ಳಿಯನ್ನೂ ಸೇರಿಸುತ್ತಾನೆ. ಇದೇ ಬಗೆಯ ಉಕ್ಕು 'ವೂಟ್ಜ್' ಎಂಬ ಹೆಸರಿನಿಂದ 1795ರಲ್ಲಿ ಜಾರ್ಜ್ ಪಿಯರ್‌ಸನ್ನನ, 1819ರಲ್ಲಿ ಮೈಕೇಲ್ ಫ್ಯಾರಡೆಯ ಪರಿಶೀಲನೆಗೆ ಒಳಗಾಯಿತು. ಆ ಹೆಸರು ಕನ್ನಡದ 'ಉಕ್ಕು' ಪದದಿಂದ ಬಂದುದೆಂಬ ಅಭಿಪ್ರಾಯ ವಿದ್ವಾಂಸರಲ್ಲಿ ಪ್ರಚಲಿತವಾಗಿದೆ. ಕಾರ್ಖಾನೆಯ ತಂತಿ ಮಾರುಕಟ್ಟೆಗೆ ಬಂದ ಮೇಲೆ ಚನ್ನಪಟ್ಟಣದ ಕಸುಬು ಉಳಿಯಲಿಲ್ಲ.

ತಂತಿ ಎಷ್ಟೇ ಉತ್ತಮವಾಗಿದ್ದರೂ ತಾನಾಗಿಯೇ ಅದು ಕೇಳಿಸದು. ಅದರ ತೆಳುಮೈ ಗಾಳಿಯನ್ನು ಸೀಳಿಕೊಂಡು ಸರಿದುಹೋಗುತ್ತದೆಯೇ ಹೊರತು ತಳ್ಳುವುದಿಲ್ಲ. ಕುದುರೆಯ ಮೂಲಕ ಕಂಪನ ಬುರುಡೆಗೆ ಇಳಿದು, ಅಗಲವಾದ ಹಲಗೆ ಗಾಳಿಯನ್ನು ಒತ್ತಿ ಸಡಿಲಿಸಿದಾಗ ಮಾತ್ರ ನಾದ ಹೊರಡುತ್ತದೆ. ಗಾಳಿಯಲ್ಲಿ ಚಲಿಸುವುದು ಅಡ್ಡ ತರಂಗವಲ್ಲ, ಒತ್ತು ಸಡಿಲಗಳು ಮುಂದುವರಿಯುವ ನೀಳ ತರಂಗ. 20 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಗಾಳಿಯ ಕಣಗಳು ಇದ್ದೆಡೆಯಲ್ಲಿಯೇ ಓಲಾಡುತ್ತವೆ. ಸಾಗುವುದು ಅವುಗಳ ಸ್ಥಿತಿ. 'ಶಬ್ದಮಣಿದರ್ಪಣ'ದ ಕೇಶಿರಾಜ ಜೈನ ತತ್ತ್ವಕ್ಕೆ ಅನುಗುಣವಾಗಿ ಶಬ್ದವನ್ನು ದ್ರವ್ಯವೆಂದೂ ಅದರ ಬಣ್ಣ ಬಿಳಿಯೆಂದೂ ಹೇಳಿರುವುದನ್ನು ಪ್ರಾಸಂಗಿಕವಾಗಿ ಸ್ಮರಿಸಬಹುದು. ತರಂಗವಾದ ಅದನ್ನು ಒಪ್ಪದು. ಆದರೂ ಶಬ್ದಕ್ಕೆ ಭೌತಿಕವಾದ ಆಧಾರ ಬೇಕೆಂಬ ಕೇಶಿರಾಜನ ಹಟ ಅಲಕ್ಷಿಸುವಂತಹುದಲ್ಲ: ಮಾಧ್ಯಮವಿಲ್ಲದೆಡೆ ಶಬ್ದವಿಲ್ಲ.

ವೀಣೆಯ ಕುದುರೆಯನ್ನು ವೈಜ್ಞಾನಿಕ ಚರ್ಚೆಗೆ ತಂದವರು ಸಿ. ವಿ. ರಾಮನ್. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದು ಯಾವ ಉಪಸ್ವರಗಳಿಗೆ ನಿಶ್ಚಲವಾದುದೋ ಅವು ನಾದದಲ್ಲಿ ಇರಲಾರವು ಎಂಬುದು ಥಾಮಸ್ ಯಂಗ್ ಹಾಗೂ ಹೆಲ್ಮ್‌ಹೋಲ್ಟ್ಸ್ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮ. ವೀಣೆ, ತಂಬೂರಗಳಲ್ಲಿ ಹಾಗೆ ಇಲ್ಲವಾಗಬೇಕಾದ ಉಪಸ್ವರಗಳೂ ಗಟ್ಟಿಯಾಗಿ ಕೇಳುತ್ತವೆಯೆಂದು 1921ರ ಲೇಖನದಲ್ಲಿ ರಾಮನ್ ತೋರಿಸಿದರು. ಕಾರಣ, ನಮ್ಮ ಕುದುರೆ ಪಿಟೀಲಿನದರಂತೆ ಚೂಪಾದ ಅಂಚಲ್ಲ, ಬಾಗಿದ ಅಗಲ ಮೈ. ತಂತಿ ಕಂಪಿಸುವಾಗ ಅದಕ್ಕೆ ತಾಗಿ ಬಿಡುತ್ತಾ ಹೊಸ ಹೊಸ ಉಪಸ್ವರಗಳನ್ನು ಎಬ್ಬಿಸುತ್ತದೆ. ತಂಬೂರದಲ್ಲಿ ತಂತಿಯಡಿ ಸರಿಸುವ ದಾರದ ಎಳೆಯೂ ಇದೇ ಕೆಲಸ ಮಾಡುತ್ತದೆ.

ಚರ್ಮವಾದ್ಯಗಳ ವಿಚಾರಕ್ಕೆ ಬಂದರೆ ರಾಮನ್ನರ ಕೊಡುಗೆ ಇನ್ನೂ ಪ್ರಸಿದ್ಧ. ಒಂದೇ ದಪ್ಪದ ವೃತ್ತಾಕಾರದ ಚರ್ಮದ ಕಂಪನಗಳು 1, 1.59, 2.14, 2.30 ಹೀಗೆ ಪೂರ್ಣಾಂಕಕ್ಕೆ ಹೊಂದದ ಪ್ರಮಾಣದಲ್ಲಿರುತ್ತವೆ. ಹಾಗಾಗಿ ಅಂತಹ ವಾದ್ಯಕ್ಕೆ ಖಚಿತ ಸ್ವರವಿರುವುದಿಲ್ಲ. ಮೃದಂಗದ ನಡುವೆ ಹಚ್ಚಿದ ಕಪ್ಪು ಕರಣೆಯ ಭಾರದಿಂದ ಒಂಬತ್ತು ಬಗೆಯ ಕಂಪನಗಳು ಐದು ಸಂಗತ ಸ್ವರಗಳಾಗಿ ಗುಂಪುಗೂಡುತ್ತವೆಂಬುದನ್ನು ಅವರು 1920ರಲ್ಲಿ ಶಿವಕಾಳಿ ಕುಮಾರ್ ಅವರೊಡನೆ 'ನೇಚರ್' ಪತ್ರಿಕೆಯಲ್ಲಿ ಆರಂಭಿಸಿ, ಬೆಂಗಳೂರಿಗೆ ಬಂದ ಬಳಿಕ 1934ರ ಲೇಖನದಲ್ಲಿ ವಿಸ್ತರಿಸಿದರು. ಮರಳನ್ನು ಉದುರಿಸಿ ನಿಶ್ಚಲ ರೇಖೆಗಳನ್ನು ಗುರುತಿಸಿದ ಆ ಪ್ರಯೋಗಗಳು ಸರಳವೂ ಸುಂದರವೂ ಆದವು. ಆದರೆ ರಾಮನ್ ಆರಿಸಿಕೊಂಡವು ಮೃದಂಗ, ತಬಲಗಳು. ಬೆಂಗಳೂರಿನಿಂದ ಐವತ್ತು ಕಿಲೋಮೀಟರ್ ದೂರದ ಊರುಗಳಲ್ಲಿ ಪೂಜಾ ಕುಣಿತ, ಪಟದ ಕುಣಿತಗಳಿಗೆ ನುಡಿಯುತ್ತಿದ್ದ ತಮಟೆ ಆ ಚೌಕಟ್ಟಿಗೆ ಬರಲಿಲ್ಲ. ಸಂಗತ ಸ್ವರವಿಲ್ಲದ ವಾದ್ಯವನ್ನು ಪಾಶ್ಚಾತ್ಯರು ಬರಿಯ ಗದ್ದಲವೆಂದಾಗ ಮೃದಂಗ ಹಾಗಲ್ಲವೆಂದು ತೋರಿಸುವುದು ಅಂದಿನ ಅಗತ್ಯವಾಗಿತ್ತು. ಅದೇ ತರ್ಕ ತಮಟೆಯನ್ನು ಗದ್ದಲದ ಪಾಲಿಗೆ ಬಿಟ್ಟುಕೊಟ್ಟಿತು. ದಲಿತ ಸಮುದಾಯಗಳ ಕೈಯಲ್ಲಿ ಉಳಿದು ಬಂದ ವಾದ್ಯವೆಂಬ ಕಾರಣಕ್ಕೆ ಅದು ಮೊದಲೇ ಆ ಪಾಲಿಗೆ ಸೇರಿತ್ತು.

ಭೌತವಿಜ್ಞಾನದ ದೃಷ್ಟಿಯಿಂದ ತಮಟೆ ಮೃದಂಗಕ್ಕಿಂತ ಕಡಿಮೆ ಕುತೂಹಲಕರವಲ್ಲ. ಆಟಕ್ಕೆ ಮುನ್ನ ಹುಲ್ಲಿನ ಉರಿಗೆ ಹಿಡಿದು ತಮಟೆ ಕಾಯಿಸುವುದನ್ನು ಅನೇಕ ಲೇಖಕರು ವಿಧಿಯೆಂಬಂತೆ ವರ್ಣಿಸಿದ್ದಾರೆ. ಅದು ಶ್ರುತಿಕ್ರಮ. ಬಿರಡೆಯಾಗಲಿ ಬಾದಿಯಾಗಲಿ ಇಲ್ಲದ ವಾದ್ಯಕ್ಕೆ ಬೆಂಕಿಯೇ ಬಿರಡೆ. ಕಾವಿಗೆ ಚರ್ಮದ ತೇವ ಆರಿ ತೂಕ ಇಳಿಯುತ್ತದೆ, ಚರ್ಮ ಕುಗ್ಗಿ ಬಿಗಿತ ಏರುತ್ತದೆ. ಎರಡೂ ಸ್ವರವನ್ನು ಮೇಲಕ್ಕೆ ಒಯ್ಯುತ್ತವೆ. ಇಬ್ಬನಿಯ ರಾತ್ರಿಯಲ್ಲಿ ಮತ್ತೆ ಮತ್ತೆ ಕಾಯಿಸಬೇಕಾಗುವುದು ಇದೇ ಕಾರಣಕ್ಕೆ. ಒಂದು ಕೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಇನ್ನೊಂದರಲ್ಲಿ ತೆಳುವಾದ ಉದ್ದ ಕಡ್ಡಿ ಹಿಡಿಯುವುದರಿಂದ ಬೇರೆ ಬೇರೆ ಕಂಪನಗಳು ಎಚ್ಚರಗೊಳ್ಳುತ್ತವೆ: ನಡುವಿಗೆ ಬಿದ್ದ ದಪ್ಪ ಪೆಟ್ಟು ತಗ್ಗುದನಿಯನ್ನೂ ಅಂಚಿನ ತೆಳು ಪೆಟ್ಟು ಏರುದನಿಗಳನ್ನೂ ಎಬ್ಬಿಸುತ್ತದೆ. ನಗಾರಿಯಂತಹ ವಾದ್ಯಗಳ 100 ಕಂಪನಗಳ ತಗ್ಗುದನಿಯ ಅಲೆಯುದ್ದ ಸುಮಾರು 3.4 ಮೀಟರ್, 2000 ಕಂಪನಗಳ ದನಿಯದು 17 ಸೆಂಟಿಮೀಟರ್ ಮಾತ್ರ. ಉದ್ದನೆಯ ಅಲೆ ಮನೆ, ಮರ, ಬಂಡೆಗಳನ್ನು ಬಳಸಿಕೊಂಡು ಹೋಗುತ್ತದೆ, ಗಿಡ್ಡ ಅಲೆ ಅಡ್ಡ ಬಂದುದಕ್ಕೆ ತಾಗಿ ಹಿಂದಿರುಗುತ್ತದೆ. ನೆರೆಯೂರಿನ ಜಾತ್ರೆಯಿಂದ ಓಲಗದ ಸ್ವರಕ್ಕಿಂತ ನಗಾರಿಯ ಗುಡುಗೇ ಕಿವಿಗೆ ತಲುಪುವುದು ಅದರಿಂದಲೇ.

ಎಚ್. ಎಲ್. ನಾಗೇಗೌಡರು ಕಟ್ಟಿದ ಕರ್ನಾಟಕ ಜಾನಪದ ಪರಿಷತ್ತು ರಾಮನಗರದ ಬಳಿ ಸ್ಥಾಪಿಸಿದ ಜಾನಪದ ಲೋಕದಲ್ಲಿ ಇಂತಹ ವಾದ್ಯಗಳು ಸಂಗ್ರಹಗೊಂಡಿವೆ. ಸಂಗ್ರಹಾಲಯದ ಮೌನದಲ್ಲಿ ವಾದ್ಯದ ಆಕಾರ ಉಳಿಯುತ್ತದೆ, ಕಂಪನ ಉಳಿಯದು. ಪ್ರತಿ ವಾದ್ಯದ ಧ್ವನಿಮುದ್ರಣವನ್ನೂ ಅದರ ಉಪಸ್ವರ ವಿಶ್ಲೇಷಣೆಯನ್ನೂ ವಸ್ತುವಿನ ಜೊತೆಯಲ್ಲಿಯೇ ದಾಖಲಿಸುವುದು ಇಂದಿನ ಗಣಕಯಂತ್ರಗಳ ಕಾಲದಲ್ಲಿ ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ.

ಕನಕಪುರದಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಹಲಗೂರಿದೆ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಈ ಊರಿನ ಪಾಂಚಾಳರದೇ ಒಂದು ಸಾಲು ಉಂಟು. ಗುರುವಿನ ಅಪ್ಪಣೆ ಹೊತ್ತ ಸಿದ್ದಪ್ಪಾಜಿ ಅಲ್ಲಿಗೆ ಭಿಕ್ಷೆಗೆ ಹೋಗುತ್ತಾನೆ. ಅವನು ಕೇಳುವುದು ಧಾನ್ಯವನ್ನಲ್ಲ, ಕಬ್ಬಿಣವನ್ನು. ಪಾಂಚಾಳರು ಕೊಡದೆ ಅವನನ್ನು ಕಠಿಣ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಈ ಪ್ರಸಂಗವನ್ನು ಜಾತಿಸಂಘರ್ಷದ, ಪಂಥಪ್ರಸಾರದ ರೂಪಕವಾಗಿ ಓದಲಾಗಿದೆ. ಆ ಓದುಗಳು ಯೋಗ್ಯವಾದವೇ. ಆದರೆ ರೈಸ್ ಉಕ್ಕಿನ ನೆಲೆಯೆಂದು ಗುರುತಿಸಿದ ಮಳವಳ್ಳಿ ತಾಲ್ಲೂಕಿನಲ್ಲಿಯೇ ಹಲಗೂರಿದೆಯೆಂಬುದನ್ನು ಆ ಓದುಗಳು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಕಬ್ಬಿಣ ಯಾರ ಸ್ವತ್ತು, ಅದನ್ನು ಬೇಡುವ ಹಕ್ಕು ಯಾರಿಗೆ ಎಂಬ ಜಗಳ ಅಲ್ಲಿ ಕೇವಲ ರೂಪಕವಾಗಿರಬೇಕಾಗಿಲ್ಲ. ಆ ಜಗಳದ ಕಥೆಯನ್ನು ನೀಲಗಾರರು ಇಂದಿಗೂ ರಾತ್ರಿಯಿಡೀ ಹಾಡುವುದು ಲೋಹದ ತಂತಿ ಬಿಗಿದ ತಂಬೂರಿಯನ್ನು ಹೆಗಲಿಗೇರಿಸಿಕೊಂಡು.