ಎಸೆಯದೇ ಉಳಿದ ಚೆಂಡು: ಅಮೆರಿಕನ್ ಫುಟ್‌ಬಾಲಿನ ಶ್ರೇಷ್ಠ ಸೇಫ್ಟಿ ಯಾರೆಂಬ ಚರ್ಚೆ

ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್ 2019ರಲ್ಲಿ ತನ್ನ ನೂರನೆಯ ಹಂಗಾಮಿನ ನೆನಪಿಗಾಗಿ ಸಾರ್ವಕಾಲಿಕ ತಂಡವೊಂದನ್ನು ಪ್ರಕಟಿಸಿತು. ಅದರಲ್ಲಿ ಸೇಫ್ಟಿ ಸ್ಥಾನಕ್ಕೆ ಆರು ಹೆಸರುಗಳಿದ್ದವು: ಜ್ಯಾಕ್ ಕ್ರಿಸ್ಚಿಯನ್ಸನ್, ಕೆನ್ ಹ್ಯೂಸ್ಟನ್, ರಾನಿ ಲಾಟ್, ಎಡ್ ರೀಡ್, ಎಮ್ಲೆನ್ ಟನೆಲ್, ಲ್ಯಾರಿ ವಿಲ್ಸನ್. ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು, ಅಂದರೆ 81 ಇಂಟರ್‌ಸೆಪ್ಷನ್ (ಎದುರಾಳಿಯ ಎಸೆತವನ್ನು ಕಸಿದು ಹಿಡಿಯುವುದು) ಮಾಡಿದ ಪಾಲ್ ಕ್ರೌಸ್ ಅವರ ಹೆಸರು ಅಲ್ಲಿರಲಿಲ್ಲ. ಅತಿ ಹೆಚ್ಚು ರನ್ ಗಳಿಸಿದ ಬ್ಯಾಟ್ಸ್‌ಮನ್ನನ್ನು ಹೊರಗಿಟ್ಟು ಸಾರ್ವಕಾಲಿಕ ಕ್ರಿಕೆಟ್ ತಂಡ ಕಟ್ಟಿದಂತೆ ಇದು. ಆಯ್ಕೆದಾರರು ದಾಖಲೆಯನ್ನು ಮರೆತಿರಲಾರರು. ಹಾಗಿದ್ದರೆ ಅವರು ಅಳೆದದ್ದು ಏನನ್ನು? ಸೇಫ್ಟಿಯ ಹಿರಿಮೆಯನ್ನು ಅಳೆಯುವ ಸರಿಯಾದ ಮಾನದಂಡ ಯಾವುದು? ಈ ಲೇಖನ ಕೇಳುವ ಪ್ರಶ್ನೆ ಇಷ್ಟೇ. ಎಷ್ಟು ಚೆಂಡು ಹಿಡಿದರು, ಎಷ್ಟು ಬಲವಾಗಿ ಗುದ್ದಿದರು ಎನ್ನುವುದಕ್ಕಿಂತ, ಆತ ಅಲ್ಲಿದ್ದಾನೆ ಎಂಬ ಕಾರಣಕ್ಕೆ ಎದುರಾಳಿ ತನ್ನ ಆಟವನ್ನು ಎಷ್ಟು ಬದಲಿಸಬೇಕಾಯಿತು ಎಂಬುದೇ ಮುಖ್ಯ ಅಳತೆಯಾಗಬೇಕು ಎಂಬುದು ನನ್ನ ವಾದ.

ಈ ಆಟದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ರಕ್ಷಣಾ ಪಡೆಯ ಹನ್ನೊಂದು ಮಂದಿಯಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವರು ಸಾಮಾನ್ಯವಾಗಿ ಇಬ್ಬರು ಸೇಫ್ಟಿಗಳು. ಮುಂದಿನ ಸಾಲಿನವನು ತಪ್ಪಿದರೆ ಹಿಂದಿನವನು ತಡೆದಾನು. ಸೇಫ್ಟಿ ತಪ್ಪಿದರೆ ಅವನ ಬೆನ್ನ ಹಿಂದೆ ಯಾರೂ ಇಲ್ಲ, ಎದುರಾಳಿ ನೇರವಾಗಿ ಗೋಲ್ ಗೆರೆಯಾಚೆಗಿನ ಎಂಡ್ ಝೋನ್ ಸೇರಿ ಟಚ್‌ಡೌನ್ ಗಳಿಸುತ್ತಾನೆ. ಸ್ಟ್ರಾಂಗ್ ಸೇಫ್ಟಿ ರೂಢಿಯಲ್ಲಿ ಮುಂದಕ್ಕೆ ಬಂದು ಓಟಗಾರರನ್ನು ಕೆಡಹುತ್ತಾನೆ. ಫ್ರೀ ಸೇಫ್ಟಿ ಹಿಂದೆಯೇ ಉಳಿದು, ಕ್ವಾರ್ಟರ್‌ಬ್ಯಾಕ್ ದೂರಕ್ಕೆ ಎಸೆಯುವ ಚೆಂಡಿಗೆ ಹೊಂಚು ಹಾಕುತ್ತಾನೆ. ಹೆಸರು ಒಂದೇ ಆದರೂ ಕಸುಬು ಎರಡು. ಚರ್ಚೆ ಹಳಿ ತಪ್ಪುವುದು ಬಹುಪಾಲು ಇಲ್ಲಿಂದಲೇ: ಒಂದು ಕಸುಬಿನವನನ್ನು ಇನ್ನೊಂದರ ಅಳತೆಗೋಲಿನಿಂದ ಅಳೆಯುತ್ತಾರೆ.

ಮೊದಲು ಅಂಕಿಗಳನ್ನು ನೋಡೋಣ. ಕ್ರೌಸ್ 1964ರಲ್ಲಿ ವಾಷಿಂಗ್ಟನ್ ತಂಡ ಸೇರಿದ ವರ್ಷವೇ 12 ಚೆಂಡು ಹಿಡಿದರು. 1968ರಿಂದ 1979ರವರೆಗೆ ಮಿನ್ನೆಸೋಟ ವೈಕಿಂಗ್ಸ್ ಪರ ಆಡಿದರು. ಒಟ್ಟು 226 ಪಂದ್ಯಗಳಲ್ಲಿ 81 ಇಂಟರ್‌ಸೆಪ್ಷನ್, ಅಂದರೆ ನೂರು ಪಂದ್ಯಕ್ಕೆ ಸುಮಾರು 36. ಅವರು ಮುರಿದದ್ದು ಎಮ್ಲೆನ್ ಟನೆಲ್ ಅವರ 79ರ ದಾಖಲೆಯನ್ನು. ಟನೆಲ್ ಆಡಿದ್ದು 167 ಪಂದ್ಯ. ಅವರ ಸರಾಸರಿ ನೂರಕ್ಕೆ 47. ಗ್ರೀನ್ ಬೇ ಪ್ಯಾಕರ್ಸ್ ತಂಡದ ಬಾಬಿ ಡಿಲ್ಲನ್ ಅವರದು ಇನ್ನೂ ಬೆರಗಿನ ಕತೆ. ಒಂದೇ ಕಣ್ಣಿನ ದೃಷ್ಟಿಯಿದ್ದ ಈ ಆಟಗಾರ 1952ರಿಂದ 1959ರವರೆಗೆ ಕೇವಲ 94 ಪಂದ್ಯಗಳಲ್ಲಿ 52 ಚೆಂಡು ಹಿಡಿದರು. ನೂರಕ್ಕೆ 55! ಎಡ್ ರೀಡ್ 174 ಪಂದ್ಯಗಳಲ್ಲಿ 64, ಅಂದರೆ ನೂರಕ್ಕೆ 37. ಲಾಟ್ 192ರಲ್ಲಿ 63, ಅಂದರೆ 33.

ಈ ಸಾಲನ್ನು ಹೀಗೇ ಓದಿದರೆ ಡಿಲ್ಲನ್ ಎಲ್ಲರಿಗಿಂತ ಶ್ರೇಷ್ಠ ಎನ್ನಬೇಕಾಗುತ್ತದೆ. ಆದರೆ 1950ರ ದಶಕದ ಆರಂಭದಲ್ಲಿ ಎಸೆದ ನೂರು ಚೆಂಡುಗಳಲ್ಲಿ ಏಳರ ಆಸುಪಾಸು ಎದುರಾಳಿಯ ಕೈ ಸೇರುತ್ತಿದ್ದವು. ಕ್ರೌಸ್ ಕಾಲಕ್ಕೆ ಅದು ಐದರ ಆಸುಪಾಸಿಗೆ, ರೀಡ್ ಕಾಲಕ್ಕೆ ಮೂರರ ಆಸುಪಾಸಿಗೆ ಇಳಿಯಿತು. 1978ರಲ್ಲಿ ಬಂದ ನಿಯಮದಿಂದಾಗಿ ಎಸೆತ ಹಿಡಿಯಲು ಓಡುವ ರಿಸೀವರ್ ಐದು ಗಜ ದಾಟಿದ ಮೇಲೆ ಅವನನ್ನು ಮುಟ್ಟಿ ತಡೆಯುವಂತಿರಲಿಲ್ಲ. ಹೊಡೆತಗಳ ಮೇಲೂ ಒಂದೊಂದಾಗಿ ಕಡಿವಾಣ ಬಿತ್ತು. ದೂರಕ್ಕೆ ಗುರಿಯಿಟ್ಟು ಎಸೆಯುವ ಬದಲು ಸಣ್ಣ ಸಣ್ಣ, ಸುರಕ್ಷಿತ ಎಸೆತಗಳೇ ಆಟದ ಮೈಯಾದವು. ಇನ್ನೊಂದು ಮಗ್ಗುಲನ್ನೂ ಪ್ರಾಮಾಣಿಕವಾಗಿ ಹೇಳಬೇಕು: ರೀಡ್ ಕಾಲದಲ್ಲಿ ಪ್ರತಿ ಪಂದ್ಯದಲ್ಲೂ ಎಸೆತಗಳ ಸಂಖ್ಯೆ ಹೆಚ್ಚಿತ್ತು, ಆದ್ದರಿಂದ ಅವಕಾಶಗಳೂ ಹೆಚ್ಚಿದ್ದವು. ಎರಡನ್ನೂ ತೂಗಿ ನೋಡಿದರೂ, ಎಸೆಯುವವರು ಎಚ್ಚರ ಕಲಿತ ಕಾಲದಲ್ಲಿ ರೀಡ್ ಕ್ರೌಸ್ ಅವರಿಗೆ ಸಮನಾದ ವೇಗದಲ್ಲಿ ಚೆಂಡು ಕಸಿದದ್ದು ಹೆಚ್ಚಿನ ಸಾಧನೆಯೇ ಸರಿ.

ಕ್ರೌಸ್ ಅವರನ್ನು ಹಗುರವಾಗಿ ಕಾಣುವವರ ಆಕ್ಷೇಪ ಬೇರೆಯದು. ಅವರು ಹಿಂದೆ ನಿಂತು ಚೆಂಡಿಗಾಗಿ ಕಾಯುತ್ತಿದ್ದರು, ಮೈಮೇಲೆ ಬೀಳುವ ಆಟ ಅವರದಲ್ಲ. ಅಲನ್ ಪೇಜ್, ಕಾರ್ಲ್ ಎಲ್ಲರ್ ಅವರಂಥ ದೈತ್ಯರು ಮುಂದೆ ನಿಂತು ಕ್ವಾರ್ಟರ್‌ಬ್ಯಾಕನ್ನು ಅವಸರಕ್ಕೆ ನೂಕಿದ್ದರಿಂದಲೇ ಆ ಚೆಂಡುಗಳು ದಕ್ಕಿದವು ಎನ್ನುತ್ತಾರೆ. 1979ರಲ್ಲೇ ಆಟ ಮುಗಿಸಿದ ದಾಖಲೆವೀರನಿಗೆ ಆಟದ ದಿಗ್ಗಜರಿಗೆ ಮೀಸಲಾದ ಕ್ಯಾಂಟನ್‌ನ ಹಾಲ್ ಆಫ್ ಫೇಮ್ ಬಾಗಿಲು ತೆರೆದದ್ದು 1998ರಲ್ಲಿ. ಇದು ಅನ್ಯಾಯ ಎಂದೇ ನಾನು ಭಾವಿಸುತ್ತೇನೆ. ಕಾಯುವುದೂ ಒಂದು ಕಲೆ. ಎಲ್ಲಿ ಕಾಯಬೇಕು ಎಂಬ ತಿಳಿವು ಹದಿನಾರು ವರ್ಷ ಒಬ್ಬನ ಬಳಿ ಉಳಿದಿದ್ದರೆ ಅದನ್ನು ಅದೃಷ್ಟ ಎನ್ನಲಾಗದು. ಆದರೂ ಒಟ್ಟು ಮೊತ್ತವೊಂದನ್ನೇ ಮುಂದಿಟ್ಟು ಅವರಿಗೆ ಮೊದಲ ಸ್ಥಾನ ಕೊಡಲಾಗದು.

ಅಂಕಿಗಳಿಗೆ ಇನ್ನೊಂದು ಮಿತಿಯಿದೆ. ಕ್ವಾರ್ಟರ್‌ಬ್ಯಾಕನ್ನು ಕೆಡಹುವ ಸ್ಯಾಕ್ ಲೀಗಿನ ಅಧಿಕೃತ ಲೆಕ್ಕಕ್ಕೆ ಬಂದದ್ದು 1982ರಲ್ಲಿ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಲ್ಯಾರಿ ವಿಲ್ಸನ್ ಅವರ ಆಟ 1972ಕ್ಕೇ ಮುಗಿದಿತ್ತು. ಸೇಫ್ಟಿಯೊಬ್ಬ ಹಿಂದಿನಿಂದ ನುಗ್ಗಿ ಬಂದು ನೇರವಾಗಿ ಕ್ವಾರ್ಟರ್‌ಬ್ಯಾಕಿನ ಮೇಲೆರಗುವ ಬ್ಲಿಟ್ಜನ್ನು ಆಯುಧವಾಗಿ ಬೆಳೆಸಿದವರು ಇವರು. ಅದನ್ನು ಹೊಸೆದವರು ತರಬೇತುದಾರ ಚಕ್ ಡ್ರೂಲಿಸ್. ಕಾವಲಿಗೆ ನಿಂತವನೇ ದಾಳಿಗೆ ಇಳಿದಾನು ಎಂಬ ಭಯ ಎದುರಾಳಿಯ ತಲೆಗೆ ಹೊಕ್ಕಿದ್ದು ಆಗ. 1965ರಲ್ಲಿ ಪಿಟ್ಸ್‌ಬರ್ಗ್ ವಿರುದ್ಧ ಎರಡೂ ಕೈಗೆ ಪಟ್ಟಿ ಬಿಗಿದುಕೊಂಡು ಇಳಿದ ವಿಲ್ಸನ್, ಆ ಸ್ಥಿತಿಯಲ್ಲೂ ಒಂದು ಚೆಂಡು ಹಿಡಿದರು. ಮರುವರ್ಷ 10 ಇಂಟರ್‌ಸೆಪ್ಷನ್‌ಗಳೊಂದಿಗೆ ಲೀಗಿಗೇ ಮೊದಲಿಗರಾದರು. ಅವರ ಬ್ಲಿಟ್ಜ್‌ಗಳ ಫಲ ಮಾತ್ರ ಅಂದಿನ ಅಧಿಕೃತ ಕಡತದಲ್ಲಿಲ್ಲ.

ಕೆನ್ ಹ್ಯೂಸ್ಟನ್ ಅವರದು 49 ಇಂಟರ್‌ಸೆಪ್ಷನ್, ಅದರಲ್ಲಿ 9 ಟಚ್‌ಡೌನ್. ಆದರೆ ಜನ ಅವರನ್ನು ನೆನೆಯುವುದು ಒಂದೇ ಒಂದು ಟ್ಯಾಕಲ್‌ಗಾಗಿ. 1973ರ ಅಕ್ಟೋಬರಿನ ಒಂದು ಸೋಮವಾರ ರಾತ್ರಿ, ಅವರ ತಂಡ ವಾಷಿಂಗ್ಟನ್ 14, ಡಲ್ಲಾಸ್ 7, ಕೊನೆಯ ಕ್ಷಣಗಳು. ಗೋಲ್ ಗೆರೆಯ ಮುಂದೆಯೇ ಚೆಂಡು ಹಿಡಿದ ಡಲ್ಲಾಸ್‌ನ ವಾಲ್ಟ್ ಗ್ಯಾರಿಸನ್ ಇನ್ನೊಂದು ಹೆಜ್ಜೆ ಹಾಕಿದ್ದರೆ ಟಚ್‌ಡೌನ್. ಹ್ಯೂಸ್ಟನ್ ಆ ಗ್ಯಾರಿಸನ್‌ರನ್ನು ಅಪ್ಪಿ ಹಿಡಿದು, ನಿಂತಲ್ಲೇ ತಡೆದು, ಗೆರೆಯ ಈಚೆಗೇ ಕೆಡವಿದರು. ಅಂಕಿಯ ಲೆಕ್ಕದಲ್ಲಿ ಅದು ಬರೀ ಒಂದು ಟ್ಯಾಕಲ್.

ಹೊಡೆತದ ಬಲವನ್ನೇ ಹಿರಿಮೆಯ ಗುರುತಾಗಿ ಕಾಣುವ ಪರಂಪರೆಯೊಂದಿದೆ. ರಾನಿ ಲಾಟ್ ಅದರ ಶಿಖರ. 1985ರ ಹಂಗಾಮಿನ ಕೊನೆಯಲ್ಲಿ ಜಜ್ಜಿಹೋದ ಎಡಗೈ ಕಿರುಬೆರಳಿಗೆ ದೀರ್ಘ ಶಸ್ತ್ರಚಿಕಿತ್ಸೆ ಬೇಡವೆಂದು ಅದರ ತುದಿಯನ್ನೇ ಕತ್ತರಿಸಿಕೊಂಡ ಸಂಗತಿ ಅವರ ಹೆಸರಿಗೆ ಅಂಟಿಕೊಂಡಿದೆ. ಆದರೆ ಮರುಹಂಗಾಮಿನಲ್ಲಿ ಅವರು 10 ಇಂಟರ್‌ಸೆಪ್ಷನ್ ಮಾಡಿ ಲೀಗಿಗೇ ಮೊದಲಿಗರಾದರು ಎಂಬುದನ್ನು ನೆನೆಯುವವರು ಕಡಿಮೆ. ಕಾರ್ನರ್‌ಬ್ಯಾಕ್ ಆಗಿ ಶುರುಮಾಡಿ, ಆಮೇಲೆ ಎರಡೂ ಬಗೆಯ ಸೇಫ್ಟಿಯಾಗಿ ಆಡಿ, ಮೂರೂ ಸ್ಥಾನಗಳಲ್ಲಿ ಪ್ರೋ ಬೌಲ್ ಗೌರವ ಪಡೆದು, ಸ್ಯಾನ್ ಫ್ರಾನ್ಸಿಸ್ಕೊ ತಂಡದೊಂದಿಗೆ ನಾಲ್ಕು ಸೂಪರ್ ಬೌಲ್ ಗೆದ್ದವರು ಲಾಟ್. ಅವರ ನಿಜವಾದ ಹಿರಿಮೆ ಈ ಬಹುಮುಖತೆಯಲ್ಲಿದೆ, ಬೆರಳಿನ ಕತೆಯಲ್ಲಲ್ಲ.

ಗುದ್ದಾಟದ ವೈಭವೀಕರಣವನ್ನು ಇಂದು ಸುಮ್ಮನೆ ಮುಂದುವರಿಸಲಾಗದು. 1978ರಲ್ಲಿ ಓಕ್ಲಂಡ್ ಸೇಫ್ಟಿ ಜ್ಯಾಕ್ ಟೇಟಮ್ ಅವರ ಹೊಡೆತದಿಂದ ನ್ಯೂ ಇಂಗ್ಲೆಂಡ್ ತಂಡದ ಡ್ಯಾರಿಲ್ ಸ್ಟಿಂಗ್ಲಿ ಪಾರ್ಶ್ವವಾಯುವಿಗೆ ತುತ್ತಾದರು. ಅದು ಲೆಕ್ಕಕ್ಕೂ ಸೇರದ, ಹಂಗಾಮಿಗೆ ಮುಂಚಿನ ಪಂದ್ಯ. ಹೊಡೆಸಿಕೊಂಡವರಷ್ಟೇ ಹೊಡೆದವರೂ ಬೆಲೆ ತೆತ್ತರು. 1985ರ ಹಂಗಾಮಿನಲ್ಲಿ ಚಾಂಪಿಯನ್ ಆದ ಶಿಕಾಗೊ ಬೇರ್ಸ್ ತಂಡದ ಸೇಫ್ಟಿ ಡೇವ್ ಡ್ಯುಯರ್ಸನ್ 2011ರಲ್ಲಿ ತಮ್ಮ ಮೆದುಳನ್ನು ಅಧ್ಯಯನಕ್ಕೆ ಕೊಡಬೇಕೆಂದು ಕೋರಿ ಜೀವ ಕಳೆದುಕೊಂಡರು. ಪರೀಕ್ಷೆಯಲ್ಲಿ, ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಬರುವ ಸಿಟಿಇ ಕಾಯಿಲೆ ಪತ್ತೆಯಾಯಿತು. ಇದೆಲ್ಲ ತಿಳಿದ ಮೇಲೂ ಹಳೆಯ ಹೊಡೆತಗಳ ತುಣುಕುಗಳನ್ನು ತೋರಿಸಿ ಇವನೇ ಶ್ರೇಷ್ಠ ಎನ್ನುವುದು ನನಗೆ ಸಾಧ್ಯವಿಲ್ಲ. ಟ್ಯಾಕಲ್ ಬೇಕು, ಹ್ಯೂಸ್ಟನ್ ಅವರದು ಟ್ಯಾಕಲ್. ಭಯ ಹುಟ್ಟಿಸಲೆಂದೇ ಕೊಟ್ಟ ಪೆಟ್ಟಿಗೆ ಅಂಕ ಕೊಡಬೇಕಿಲ್ಲ.

ಇನ್ನು ನನ್ನ ಮಾನದಂಡದ ವಿಚಾರ. ಎದುರಾಳಿ ಯಾವ ಚೆಂಡನ್ನು ಎಸೆಯದೇ ಬಿಟ್ಟ? ಇದಕ್ಕೆ ನೇರ ಅಂಕಿಯಿಲ್ಲ, ಆದರೆ ಕುರುಹುಗಳಿವೆ.

ಮೊದಲ ಕುರುಹು 1950ರದು. ಬೇರೆ ಲೀಗಿನಲ್ಲಿ ಸತತವಾಗಿ ಗೆದ್ದು ಬಂದಿದ್ದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡಕ್ಕೆ ಆಟ್ಟೊ ಗ್ರಹಾಂ ಅವರ ಎಸೆತವೇ ಶಕ್ತಿ. ನ್ಯೂಯಾರ್ಕ್ ಜೈಂಟ್ಸ್ ತರಬೇತುದಾರ ಸ್ಟೀವ್ ಓವನ್ ಅದಕ್ಕೆ ಎದುರಾಗಿ ಛತ್ರಿಯಂತೆ ಹರಡಿಕೊಳ್ಳುವ ‘ಅಂಬ್ರೆಲಾ’ ರಕ್ಷಣೆಯನ್ನು ರೂಪಿಸಿದರು. ಅದರ ಹಿಂಬದಿಯಲ್ಲಿ ನಿಂತವರು ಟನೆಲ್. ಗ್ರಹಾಂ ಮೊದಲಾರ್ಧದಲ್ಲಿ ಒಂದೂ ಎಸೆತವನ್ನು ತಮ್ಮವರ ಕೈಗೆ ಮುಟ್ಟಿಸಲಾಗಲಿಲ್ಲ. ಜೈಂಟ್ಸ್ 6–0 ಅಂತರದಿಂದ ಗೆದ್ದರು. ಇಂದು ನಾವು ಸೇಫ್ಟಿಯ ಕೆಲಸ ಎನ್ನುವುದು ಒಂದು ರೂಪಕ್ಕೆ ಬಂದದ್ದರಲ್ಲಿ ಈ ಆಟದ ಪಾಲು ದೊಡ್ಡದು. ಟನೆಲ್ ಚೆಂಡು ಕೈಗೆ ಸಿಕ್ಕ ಮೇಲೂ ಅಪಾಯಕಾರಿ. 1952ರಲ್ಲಿ ಕಿಕ್, ಪಂಟ್, ಇಂಟರ್‌ಸೆಪ್ಷನ್ ಎಲ್ಲ ಸೇರಿ 924 ಗಜ ಓಡಿದರು. ಆ ವರ್ಷ ಲೀಗಿನ ಅಗ್ರ ಓಟಗಾರ ಡ್ಯಾನ್ ಟೌಲರ್ ಅವರ ಗಳಿಕೆ 894. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಕರಾವಳಿ ಪಡೆಯಲ್ಲಿದ್ದು ಸಹ ನಾವಿಕರ ಜೀವ ಉಳಿಸಿದ, ದಾರಿಯಲ್ಲಿ ಸಿಕ್ಕ ವಾಹನ ಹತ್ತಿ ಜೈಂಟ್ಸ್ ಕಚೇರಿಗೆ ಬಂದು ತನ್ನನ್ನು ಪರೀಕ್ಷಿಸಿ ನೋಡಿ ಎಂದು ಕೇಳಿದ ಈ ಮನುಷ್ಯ, ಆ ತಂಡದ ಮೊದಲ ಕಪ್ಪು ಆಟಗಾರ. 1967ರಲ್ಲಿ ಹಾಲ್ ಆಫ್ ಫೇಮ್ ಸೇರಿದ ಮೊದಲ ಆಫ್ರಿಕನ್ ಅಮೆರಿಕನ್ ಕೂಡ ಇವರೇ.

ಎರಡನೆಯ ಕುರುಹು ಟ್ರಾಯ್ ಪೊಲಮಾಲು. ಪಿಟ್ಸ್‌ಬರ್ಗ್ ತಂಡದ ರಕ್ಷಣಾ ತರಬೇತುದಾರ ಡಿಕ್ ಲೆಬೋ ಅವರ ಯೋಜನೆಯಲ್ಲಿ ಇವರಿಗೆ ಗೊತ್ತುಪಡಿಸಿದ ಜಾಗವೇ ಇರುತ್ತಿರಲಿಲ್ಲ ಎನ್ನಬೇಕು. 2010ರಲ್ಲಿ ಟೆನೆಸ್ಸಿ ವಿರುದ್ಧ ಚೆಂಡು ಚಲಿಸುವ ಕ್ಷಣವನ್ನೇ ಊಹಿಸಿ, ಮುಂಚೂಣಿ ಆಟಗಾರರ ತಲೆಯ ಮೇಲಿಂದ ಹಾರಿ, ಕ್ವಾರ್ಟರ್‌ಬ್ಯಾಕ್ ಕೆರಿ ಕಾಲಿನ್ಸ್ ಅವರನ್ನು ಹಿಡಿದರು. ಆ ವರ್ಷ ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿ ಅವರದಾಯಿತು. ಬರೀ 32 ಇಂಟರ್‌ಸೆಪ್ಷನ್ ಇದ್ದರೂ ಅವರ ಹಿರಿಮೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಗಾಯಗಳು ಅವರನ್ನು ಮತ್ತೆ ಮತ್ತೆ ಹೊರಗಿಟ್ಟವು; ಶಿಖರ ಎತ್ತರದ್ದು, ನೆಲೆ ಸಣ್ಣದು. ಫಿಲಡೆಲ್ಫಿಯಾದ ಬ್ರಯಾನ್ ಡಾಕಿನ್ಸ್ ಇದೇ ಬಗೆಯವರು, 37 ಇಂಟರ್‌ಸೆಪ್ಷನ್ ಜೊತೆಗೆ 26 ಸ್ಯಾಕ್.

ಮೂರನೆಯ ಕುರುಹು ಎಡ್ ರೀಡ್. ಬಾಲ್ಟಿಮೋರ್ ಪರ 2002ರಿಂದ 2012ರವರೆಗೆ ಆಡಿದ ಇವರನ್ನು ಅರಿಯಬೇಕಾದರೆ ಚೆಂಡು ಹಿಡಿಯುವುದಕ್ಕೆ ಮುಂಚಿನ ಎರಡು ಸೆಕೆಂಡುಗಳನ್ನು ನೋಡಬೇಕು. ಅವರು ತೆರೆದಿಟ್ಟಂತೆ ತೋರುವ ಜಾಗ ತೆರೆದಿರುತ್ತಿರಲಿಲ್ಲ. ಕ್ವಾರ್ಟರ್‌ಬ್ಯಾಕ್ ಕಣ್ಣು ಹಾಯಿಸುವಾಗ ರೀಡ್ ಬೇರೆಡೆಗೆ ವಾಲಿ ನಿಂತಿರುತ್ತಾರೆ. ತೋಳು ಮುಂದಕ್ಕೆ ಬರುವ ಹೊತ್ತಿಗೆ ಅವರ ಕಾಲು ಚೆಂಡು ಬೀಳಬೇಕಾದ ಕಡೆಗೆ ಓಡುತ್ತಿರುತ್ತದೆ. 2008ರ ನವೆಂಬರಿನಲ್ಲಿ ಫಿಲಡೆಲ್ಫಿಯಾ ತಂಡ ಬಾಲ್ಟಿಮೋರ್ ಗೋಲ್ ಗೆರೆಗೆ ಒಂದೇ ಗಜ ದೂರದಲ್ಲಿತ್ತು. ಬದಲಿ ಕ್ವಾರ್ಟರ್‌ಬ್ಯಾಕ್ ಕೆವಿನ್ ಕಾಬ್ ಎಸೆದ ಚೆಂಡನ್ನು ಎಂಡ್ ಝೋನಿನ ಒಳಗೆ ಹಿಡಿದ ರೀಡ್, 107 ಗಜ ಓಡಿ ಟಚ್‌ಡೌನ್ ಗಳಿಸಿದರು. ಅದು ಮುರಿದದ್ದು 2004ರಲ್ಲಿ ಅವರೇ ಮಾಡಿದ್ದ 106 ಗಜಗಳ ದಾಖಲೆಯನ್ನು. ಇಂಟರ್‌ಸೆಪ್ಷನ್ ಹಿಡಿದು ಓಡಿದ ಒಟ್ಟು ದೂರದಲ್ಲೂ 1,590 ಗಜಗಳೊಂದಿಗೆ ಅವರೇ ಮೊದಲಿಗರು. 2010ರಲ್ಲಿ ಸೊಂಟದ ಶಸ್ತ್ರಚಿಕಿತ್ಸೆಯಿಂದಾಗಿ ಮೊದಲ ಆರು ಪಂದ್ಯ ತಪ್ಪಿಸಿಕೊಂಡರೂ ಉಳಿದ ಹತ್ತರಲ್ಲೇ 8 ಚೆಂಡು ಹಿಡಿದು ಲೀಗಿನಲ್ಲಿ ಅಗ್ರಸ್ಥಾನ ಪಡೆದರು.

ರೇ ಲೂಯಿಸ್, ಟೆರೆಲ್ ಸಗ್ಸ್ ಅವರಂಥವರು ಮುಂದಿದ್ದುದರಿಂದ ರೀಡ್‌ಗೆ ಜೂಜಾಡುವ ಸ್ವಾತಂತ್ರ್ಯ ಸಿಕ್ಕಿತು ಎಂಬ ಆಕ್ಷೇಪ ನಿಜ. ಆ ಜೂಜು ಕೆಲವೊಮ್ಮೆ ಕೈಕೊಟ್ಟದ್ದೂ ನಿಜ. ಆದರೆ ನ್ಯೂ ಇಂಗ್ಲೆಂಡಿನ ಟಾಮ್ ಬ್ರೇಡಿ ಪ್ರತಿ ಆಟದಲ್ಲೂ 20ನೇ ನಂಬರಿನವನು ಎಲ್ಲಿದ್ದಾನೆಂದು ಮೊದಲು ನೋಡಬೇಕು ಎಂಬ ಎಚ್ಚರಿಕೆಯನ್ನು ಮುಂಗೈ ಪಟ್ಟಿಯಲ್ಲಿ ಬರೆದುಕೊಂಡಿದ್ದರೆಂಬ ಸಂಗತಿ ಪ್ರಸಿದ್ಧ. ಆ ಸಂಖ್ಯೆ ರೀಡ್ ಅವರದು. ಆ ಕಾಲದ ಅತ್ಯಂತ ಯಶಸ್ವಿ ಕ್ವಾರ್ಟರ್‌ಬ್ಯಾಕ್ ಚೆಂಡು ಮುಟ್ಟುವ ಮೊದಲು ಒಬ್ಬ ರಕ್ಷಕನನ್ನು ಹುಡುಕುತ್ತಿದ್ದ ಎಂಬುದಕ್ಕಿಂತ ಬಲವಾದ ಸಾಕ್ಷ್ಯ ಈ ಚರ್ಚೆಯಲ್ಲಿ ನನಗೆ ಕಂಡಿಲ್ಲ.

ಈ ಸ್ಥಾನಕ್ಕೆ ಹಾಲ್ ಆಫ್ ಫೇಮ್ ಬಹುಕಾಲ ನ್ಯಾಯ ಒದಗಿಸಲಿಲ್ಲ. ಲಾಟ್ 2000ದಲ್ಲಿ ಸೇರಿದ ಬಳಿಕ, ಸೇಫ್ಟಿಯಾಗಿಯೇ ವೃತ್ತಿಜೀವನ ಕಟ್ಟಿಕೊಂಡ ಆಟಗಾರನೊಬ್ಬ ಅಲ್ಲಿಗೆ ಹೋಗಲು 2017ರಲ್ಲಿ ಕೆನಿ ಈಸ್ಲಿ ಬರಬೇಕಾಯಿತು. ಆಮೇಲೆ ಡಾಕಿನ್ಸ್, ರೀಡ್, ಜಾನಿ ರಾಬಿನ್ಸನ್ ಬಂದರು. 2020ರ ಒಂದೇ ಸಾಲಿನಲ್ಲಿ ಪೊಲಮಾಲು, ಸ್ಟೀವ್ ಆಟ್ವಾಟರ್, ಕ್ಲಿಫ್ ಹ್ಯಾರಿಸ್, ಡಾನಿ ಶೆಲ್ ಸೇರಿದರು. ಅವರ ಜೊತೆ ಆ ಒಂದು ಕಣ್ಣಿನ ಡಿಲ್ಲನ್ ಕೂಡ ಇದ್ದರು; ಅಷ್ಟರಲ್ಲಿ ಅವರು ತೀರಿಕೊಂಡಿದ್ದರು.

ನನ್ನ ತೀರ್ಮಾನ ಇದು: ಮೊದಲನೆಯವರು ರೀಡ್, ಎರಡನೆಯವರು ಟನೆಲ್, ಮೂರನೆಯವರು ಲಾಟ್. ಕ್ರೌಸ್ ಅವರನ್ನು ನೂರು ವರ್ಷದ ಆ ಆರು ಮಂದಿಯ ಪಟ್ಟಿಯಿಂದ ಹೊರಗಿಟ್ಟದ್ದು ತಪ್ಪು. ಅವರ 81 ಇಂದಿಗೂ ಮುರಿಯದ ದಾಖಲೆ.