ಜಾವಾದ ಹಿಂದಿನ ಸೀಟು

ಮೈಸೂರಿನ ಹೆಸರು ಹೊತ್ತ ವಸ್ತುಗಳು ಯಾವುವು ಎಂದು ಕೇಳಿದರೆ ನಮ್ಮೂರಿನವರು ಮಲ್ಲಿಗೆ, ವೀಳ್ಯದೆಲೆ, ಪಾಕು, ರೇಷ್ಮೆ, ಗಂಧದ ಸೋಪು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಗಂಡಸರಾದರೆ ಒಂದು ಕ್ಷಣ ತಡೆದು ‘ಜಾವಾ ಮೋಟಾರ್ ಸೈಕಲ್ಲು’ ಎಂದು ಸೇರಿಸುತ್ತಾರೆ. ಹೆಂಗಸರು ಸೇರಿಸುವುದಿಲ್ಲ. ಆ ಗಾಡಿಯ ಹಿಂದಿನ ಸೀಟಿನಲ್ಲಿ ಕುಳಿತು ಮದುವೆ, ಮುಂಜಿ, ಆಸ್ಪತ್ರೆ, ತವರು ಎಲ್ಲ ಸುತ್ತಿ ಬಂದವರು ನಾವೇ ಆದರೂ, ಅದರ ಚರಿತ್ರೆ ನಮ್ಮದಲ್ಲವೆಂದು ಅದೇಕೋ ಬಿಟ್ಟುಕೊಟ್ಟಿದ್ದೇವೆ.

ಜಾವಾ ಎಂದರೆ ಜಾವಾ ದ್ವೀಪದ್ದು ಎಂದು ನಮ್ಮ ಬೀದಿಯಲ್ಲಿ ಅನೇಕರು ನಂಬಿದ್ದರು. ಅದಕ್ಕೂ ದ್ವೀಪಕ್ಕೂ ಸಂಬಂಧವಿಲ್ಲ. ೧೯೨೯ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ತಯಾರಿಸುವ ಹಕ್ಕು ಕೊಂಡುಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ಆ ಕಂಪನಿಯ ಮೊದಲೆರಡು ಅಕ್ಷರ ಜೋಡಿಸಿದ. ಅವರ ನಾಡಿನಲ್ಲಿ ಅದನ್ನು ‘ಯಾವಾ’ ಎಂದೇ ಕರೆಯುತ್ತಾರೆ. ಹೊರದೇಶದ ಗಾಡಿಗಳ ಆಮದಿಗೆ ನಮ್ಮ ಸರ್ಕಾರ ಕಡಿವಾಣ ಹಾಕಿದ ಕಾಲದಲ್ಲಿ, ಪಾರ್ಸಿ ಸಮುದಾಯದ ಇರಾನಿ ಮನೆತನದವರು ಅದನ್ನು ಇಲ್ಲೇ ತಯಾರಿಸಲು ಮುಂದಾದರು. ಆಗ ರಾಜ್ಯಪಾಲರೂ ಆಗಿದ್ದ ಜಯಚಾಮರಾಜ ಒಡೆಯರ ಪ್ರೋತ್ಸಾಹ ಸಿಕ್ಕಿತು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು. ೧೯೬೧ರಲ್ಲಿ ಗಾಡಿಗಳು ಹೊರಬಂದವು. ಆಕಾಶವಾಣಿ ಇರುವ, ಆರ್. ಕೆ. ನಾರಾಯಣ್ ಅವರ ಮನೆ ಇರುವ ಅದೇ ಯಾದವಗಿರಿ. ಮದರಾಸಿನಲ್ಲಿ ಎನ್‌ಫೀಲ್ಡ್, ಉತ್ತರದಲ್ಲಿ ಪೋಲೆಂಡ್ ಮೂಲದ ರಾಜದೂತ್, ನಮ್ಮಲ್ಲಿ ಜಾವಾ. ಎಪ್ಪತ್ತರ ದಶಕದಲ್ಲಿ ಹೆಸರು ‘ಯೆಜ್ಡಿ’ ಎಂದು ಬದಲಾಯಿತು.

ನಮ್ಮ ಮಾವನವರದು ಹೆಸರು ಬದಲಾಗುವುದಕ್ಕೆ ಮುಂಚಿನದು, ೧೯೬೯ರ ಜಾವಾ. ಕುಂಕುಮಕ್ಕೆ ಸ್ವಲ್ಪ ಕಪ್ಪು ಬೆರೆಸಿದಂಥ ಬಣ್ಣ, ಪೆಟ್ರೋಲ್ ಟ್ಯಾಂಕಿನ ಎರಡೂ ಕಡೆ ಮುಖ ಕಾಣುವಷ್ಟು ಹೊಳೆಯುವ ಕ್ರೋಮು. ಎಂಜಿನ್ನಿಗೆ ಒಂದೇ ಸಿಲಿಂಡರ್, ಆದರೆ ಹೊಗೆಗೆ ಎರಡು ಸೈಲೆನ್ಸರ್. ಎಡಗಾಲಿನ ಕಡೆಯ ಕಿಕ್ಕರೇ ಸ್ಟಾರ್ಟ್ ಆದಮೇಲೆ ಮುಂದಕ್ಕೆ ತಿರುಗಿ ಗೇರು ಆಗುತ್ತಿತ್ತು! ಒಂದೇ ಪಾತ್ರೆಯಲ್ಲಿ ಅನ್ನ ಮಾಡಿ ಅದರಲ್ಲೇ ಸಾರೂ ಮಾಡುವ ನಮ್ಮ ಜಾಣತನದಂತೆ ಅದು. ಪೆಟ್ರೋಲಿಗೆ ಲೀಟರಿಗೆ ಮೂವತ್ತು ನಲವತ್ತು ಮಿಲಿಲೀಟರ್ ಎಣ್ಣೆ ಬೆರೆಸಿ ಹಾಕಬೇಕು. ಆ ಎಣ್ಣೆಯೇ ನೀಲಿ ಹೊಗೆಯಾಗಿ ಹಿಂದಿನವರ ಸೀರೆಗೆ ಹತ್ತುತ್ತಿತ್ತು. ಅತ್ತೆಯವರ ಧರ್ಮಾವರಂ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದರೆ ಇಂದಿಗೂ ನ್ಯಾಫ್ತಲಿನ್ ಗುಳಿಗೆಯ ಜೊತೆ ಆ ವಾಸನೆ ಇದೆ ಎಂದು ಅವರು ವಾದಿಸುತ್ತಾರೆ. ನನ್ನ ಮೂಗಿಗೆ ಸಿಕ್ಕಿಲ್ಲ.

ಆ ಸೀಟಿನ ಮೇಲೆ ಕೂರುವುದು ಒಂದು ವಿದ್ಯೆ. ಎರಡೂ ಕಾಲು ಎಡಕ್ಕೆ ಹಾಕಿ, ಮಡಿಲಲ್ಲಿ ಮಗು, ಕೈಯಲ್ಲಿ ಹೂವಿನ ಪೊಟ್ಟಣ, ಇನ್ನೊಂದು ಕೈಗೆ ಸೀಟಿನ ಹಿಡಿ. ಮದುವೆಯಾದ ಹೊಸತರಲ್ಲಿ ನಂಜನಗೂಡಿನ ರಸ್ತೆಯಲ್ಲಿ ಅತ್ತೆಯವರ ಸೆರಗು ಹಿಂದಿನ ಚಕ್ರದ ಕಡ್ಡಿಗಳಿಗೆ ಸಿಕ್ಕಿತಂತೆ. ಮಾವ ಆ ಕ್ಷಣವೇ ಬ್ರೇಕು ಹಾಕಿದ್ದರಿಂದ ಮಂಡಿ, ಮೊಣಕೈ ತರಚಿದ್ದಷ್ಟೇ. ಸೀರೆ ಹೋಯಿತು. ಮಾರನೆಯ ದಿನವೇ ಮಾವನವರು ಅಗ್ರಹಾರದ ವೆಲ್ಡಿಂಗ್ ಅಂಗಡಿಗೆ ಹೋಗಿ ಕಬ್ಬಿಣದ ಸರಳು ಬಗ್ಗಿಸಿ ಸೀರೆ ಗಾರ್ಡ್ ಮಾಡಿಸಿದರು. ಕಾಲಿಡಲು ಅಗಲವಾದ ಹಲಗೆಯನ್ನೂ ಹಾಕಿಸಿದರು. ಈಗಿನ ಹುಡುಗರು ‘ಕಸ್ಟಮ್’ ಎನ್ನುತ್ತಾರಲ್ಲ, ನಮ್ಮ ಮನೆಯ ಗಾಡಿಗೆ ಆದ ಮೊದಲ ಕಸ್ಟಮ್ ಅದು. ಅಂಥ ಜಾಲರಿಗಳು ಊರೂರಿನ ಬೆಸುಗೆಯವರ ಕೈಯಲ್ಲಿ ಹುಟ್ಟಿದವು. ಆಮೇಲೆ ಕಾನೂನೇ ಅದನ್ನು ಒಪ್ಪಿಕೊಂಡಿತು. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ೧೨೩ನೆಯ ನಿಯಮ ನೋಡಿ: ಹಿಂದೆ ಕೂರುವವರಿಗೆ ಹಿಡಿ ಇರಬೇಕು, ಕಾಲಿಡುವ ಜಾಗ ಇರಬೇಕು, ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚಿರಬೇಕು. ಸೀರೆ ಎಂಬ ಪದ ಅದರಲ್ಲಿಲ್ಲ. ಆದರೆ ಯಾರನ್ನು ಕಂಡು ಬರೆದದ್ದೆಂದು ಬಿಡಿಸಿ ಹೇಳಬೇಕಿಲ್ಲ.

೧೯೮೪–೮೫ರ ಹೊತ್ತಿಗೆ ಜಪಾನಿನ ಕಂಪನಿಗಳ ಜೊತೆಗೂಡಿ ತಯಾರಿಸಿದ ನೂರು ಸಿಸಿ ಗಾಡಿಗಳು ಬಂದವು. ಹಗುರ, ಪೆಟ್ರೋಲು ಕುಡಿಯುವುದು ಕಡಿಮೆ. ನಮ್ಮದು ಲೀಟರಿಗೆ ಮೂವತ್ತು ಕಿಲೋಮೀಟರ್ ಕೊಟ್ಟರೆ ಮಾವನವರು ಪಾಯಸ ಮಾಡಿಸುತ್ತಿದ್ದರು. ಹೊಗೆಯ ಮೇಲಿನ ನಿಯಮಗಳೂ ಬಿಗಿಯಾದವು. ಯಾದವಗಿರಿಯ ಕಾರ್ಖಾನೆ ೧೯೯೬ರಲ್ಲಿ ಮುಚ್ಚಿತು. ಬಿಡಿಭಾಗ ಸಿಗುವುದು ಕಷ್ಟವಾದಂತೆ ನಮ್ಮ ಜಾವಾ ಹಿತ್ತಿಲ ಶೆಡ್ಡು ಸೇರಿತು. ಮಾವನವರು ಹೋದ ಮೇಲೆ ಅದರ ಮೇಲೆ ತೆಂಗಿನ ಗರಿ, ಹಳೆಯ ಗೋಣಿಚೀಲ, ಒಂದು ವರ್ಷ ಬೆಕ್ಕಿನ ಬಾಣಂತನ.

೨೦೨೧ರಲ್ಲಿ ನನ್ನ ಮಗ ಅದನ್ನು ಹೊರಗೆ ಎಳೆದ. ಪಿಸ್ಟನ್ ಸಿಲಿಂಡರಿನೊಳಗೇ ಕಚ್ಚಿಕೊಂಡಿತ್ತು. ಪ್ಲಗ್ಗಿನ ತೂತಿನಿಂದ ಡೀಸೆಲ್ ಸುರಿದು ಒಂದು ವಾರ ಬಿಟ್ಟರು. ಜಾವಾ ಕೆಲಸದಲ್ಲೇ ತಲೆ ನರೆತ ಒಬ್ಬ ಸಾಬರು ಬಂದು, ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಜೀವ ಇದೆಯಮ್ಮಾ” ಎಂದರು. ಎಂಜಿನ್ ಇಳಿಯಿತು. ಸಿಲಿಂಡರ್ ಬೋರ್ ಮಾಡಿಸಿ ಒಂದು ಸೈಜು ದೊಡ್ಡ ಪಿಸ್ಟನ್, ಹೊಸ ಬೇರಿಂಗು, ಹೊಸ ಸೀಲು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆಯ ಮೂಲಕವೇ ಮೇಲಕ್ಕೆ ಹೋಗಬೇಕಂತೆ. ಸೀಲು ಸೋರಿದರೆ, ಗ್ಯಾಸ್ಕೆಟ್ ಸವೆದ ಕುಕ್ಕರಿನ ಕಥೆಯೇ. ಸೈಲೆನ್ಸರಿನ ಒಳಕೊಳವೆಗಳನ್ನು ಹಿತ್ತಿಲಲ್ಲಿ ಬೆಂಕಿಗೆ ಹಾಕಿ ಸುಟ್ಟರು. ನಲವತ್ತು ವರ್ಷದ ಮಸಿ ಉದುರಿತು. ಟ್ಯಾಂಕಿಗೆ ಮೊದಲು ತಾಮ್ರ, ಆಮೇಲೆ ನಿಕ್ಕಲ್, ಕೊನೆಗೆ ಕ್ರೋಮಿನ ಲೇಪ. ಕ್ರೋಮು ಹೊಳೆಯುವುದು ಅಡಿಯ ಪಾಲಿಶಿನಿಂದ ಎಂದು ಸಾಬರು ಹೇಳಿದ್ದು ನನಗೆ ಹಿಡಿಸಿತು. ಪಾತ್ರೆ ಉಜ್ಜದೆ ಕಲಾಯಿ ಹಾಕಿಸಿದರೆ ನಿಲ್ಲುತ್ತದೆಯೇ?

ಎಂಟು ತಿಂಗಳಲ್ಲಿ ಎಂಬತ್ತೈದು ಸಾವಿರ ಕರಗಿತು. ಮಗನಿಗೆ ಬೆಂಗಳೂರಿನಲ್ಲಿ ಕೆಲಸ, ಬಾಡಿಗೆ ಮನೆ, ಗಾಡಿ ಇಡಲು ಜಾಗವಿಲ್ಲ. ಮಾರುವುದೆಂದಾಯಿತು. ಬಂದ ಮೊದಲ ಗಿರಾಕಿ ಒಂದು ಲಕ್ಷದ ಎಪ್ಪತ್ತೈದು ಸಾವಿರ ಎಂದ, ಆದರೆ ‘ಬಾಬರ್’ ಮಾಡಿಕೊಡಬೇಕು. ಹಾಗೆಂದರೆ ಮಡ್‌ಗಾರ್ಡ್ ಕತ್ತರಿಸಿ, ಹಿಂದಿನ ಸೀಟು ಕಿತ್ತು, ಒಬ್ಬನೇ ಕೂರುವಂತೆ ಮಾಡುವುದು. ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಅಮೆರಿಕದ ಹುಡುಗರು ಭಾರ ಇಳಿಸಿ ವೇಗ ಹೆಚ್ಚಿಸಲು ಶುರುಮಾಡಿದ ಚಾಳಿ. ೨೦೧೮ರಲ್ಲಿ ಜಾವಾ ಹೆಸರನ್ನು ಮತ್ತೆ ಬಳಕೆಗೆ ತಂದವರು ತೋರಿಸಿದ ಮೂರು ಮಾದರಿಗಳಲ್ಲಿ ಪೆರಕ್ ಎಂಬುದಕ್ಕೂ ಒಂದೇ ಸೀಟು. ನೋಡಲು ಚೆನ್ನಾಗಿಯೇ ಇದೆ, ಇಲ್ಲವೆನ್ನಲಾರೆ. ಅದು ಹಾಗೆಯೇ ತಯಾರಾದ ಗಾಡಿ. ಇದ್ದ ಗಾಡಿಯನ್ನು ತಯಾರಕರ ವಿವರಣೆಗೆ ವಿರುದ್ಧವಾಗಿ ಬದಲಿಸಲು ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ಬಿಡುವುದಿಲ್ಲ; ೨೦೧೯ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. “ಯಾರಮ್ಮ ನೋಡ್ತಾರೆ?” ಎಂದ ಮಗ. ಸೀರೆ ಗಾರ್ಡನ್ನು ಬಿಚ್ಚಿ ಗುಜರಿ ಸಾಮಾನಿನ ಜೊತೆ ಆಗಲೇ ಇಟ್ಟಿದ್ದ.

ಇಲ್ಲಿ ಒಂದು ತೊಡಕು ಬಂತು. ಆರ್‌ಸಿ ಪುಸ್ತಕದಲ್ಲಿ ಇದ್ದದ್ದು ಮಾವನವರ ಹೆಸರು. ತೀರಿಕೊಂಡವರು ಗಾಡಿ ಮಾರುವಂತಿಲ್ಲ. ಮೊದಲು ೩೧ನೆಯ ನಮೂನೆ ತುಂಬಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ಮಕ್ಕಳೆಲ್ಲ ಒಪ್ಪಿಗೆ ಕೊಟ್ಟು, ದಂಡ, ತೆರಿಗೆ ಕಟ್ಟಿ, ಗಾಡಿಯನ್ನು ಅತ್ತೆಯವರ ಹೆಸರಿಗೇ ಮಾಡಿಸಿದೆವು. ಜೀವಮಾನದಲ್ಲಿ ಸೈಕಲ್ ಕೂಡ ತುಳಿಯದ ನಮ್ಮತ್ತೆ ಎಂಬತ್ತೊಂದನೆಯ ವಯಸ್ಸಿನಲ್ಲಿ ಮೋಟಾರ್ ಸೈಕಲ್ಲಿನ ಒಡತಿಯಾದರು. ಕಾರ್ಡು ಬಂದ ದಿನ ಕನ್ನಡಕ ಹಾಕಿ ಎರಡು ಸಲ ಓದಿದರು.

ಮಾರಾಟದ ೨೯, ೩೦ನೆಯ ನಮೂನೆಗಳನ್ನು ಮಗ ಮುಂದಿಟ್ಟಾಗ ಪೆನ್ನು ಕೈಗೆತ್ತಿಕೊಳ್ಳಲೇ ಇಲ್ಲ. “ಹಿಂದಿನ ಸೀಟು ಕಿತ್ತರೆ ನಾನೆಲ್ಲಿ ಕೂತಿದ್ದೆ ಅಂತ ಯಾರಿಗೆ ಗೊತ್ತಾಗುತ್ತೋ?” ಎಂದರು. ಅಜ್ಜಿ, ಮೂವತ್ತೈದು ಸಾವಿರ ಲುಕ್ಸಾನು ಎಂದು ಮೊಮ್ಮಗ ಲೆಕ್ಕ ಹೇಳಿದ. “ಗಾಡಿ ನಂದು, ಲುಕ್ಸಾನೂ ನಂದೇ ಕಣಪ್ಪ.” ಅಲ್ಲಿಗೆ ಮಾತು ಮುಗಿಯಿತು. ನಾನು ಅವರ ಪರ ನಿಂತೆ. ಸೊಸೆಯಾಗಿ ಮೂವತ್ತು ವರ್ಷದಲ್ಲಿ ಹೀಗೆ ನಿಂತದ್ದು ಬೆರಳೆಣಿಕೆಯಷ್ಟು ಸಲ.

ಎರಡನೆಯ ಗಿರಾಕಿ ಹಾಸನದ ಕಡೆಯವರು, ಗಂಡ ಹೆಂಡತಿ ಒಟ್ಟಿಗೆ ಬಂದರು. ಒಂದು ಲಕ್ಷದ ನಲವತ್ತು ಸಾವಿರ, ಇದ್ದದ್ದು ಇದ್ದ ಹಾಗೆ. ಅತ್ತೆಯವರು ಗುಜರಿಯಿಂದ ಸೀರೆ ಗಾರ್ಡನ್ನು ತರಿಸಿ, ಸಾಬರಿಂದ ಮತ್ತೆ ಹಾಕಿಸಿ, ಅದಕ್ಕೆಂದು ಎರಡು ಸಾವಿರ ಹೆಚ್ಚು ಕೇಳಿ, ಪಡೆದೂ ಪಡೆದರು. ಗಾಡಿಗೆ ಹಾಕಿದ ಎಂಬತ್ತೈದು ಸಾವಿರವನ್ನು ಮೊಮ್ಮಗನಿಗೆ ಎಣಿಸಿ ಕೊಟ್ಟು, ಉಳಿದದ್ದನ್ನು ಬ್ಯಾಂಕಿನಲ್ಲಿ ತಮ್ಮ ಹೆಸರಿಗೆ ಇಡಿಸಿದರು. ಆಮೇಲೆ ಮೂರು ಕಡೆ ರುಜು ಹಾಕಿದರು, ಒಂದೊಂದು ಅಕ್ಷರವನ್ನೂ ತಿದ್ದಿದಂತೆ.

ಹೊರಡುವಾಗ ಆ ಹುಡುಗಿ ಚೂಡಿದಾರದಲ್ಲಿದ್ದವಳು ಎರಡೂ ಕಡೆ ಕಾಲು ಹಾಕಿ ಕೂತಳು. “ವೇಲನ್ನ ಸೊಂಟಕ್ಕೆ ಕಟ್ಕೊಳಮ್ಮ” ಎಂದು ಅತ್ತೆ ಜಗಲಿಯಿಂದಲೇ ಕೂಗಿದರು. ಅವಳು ಕಟ್ಟಿಕೊಂಡಳು. ಎರಡನೆಯ ಕಿಕ್ಕಿಗೆ ಗಾಡಿ ಎದ್ದಿತು. ಬೀದಿ ತುಂಬ ನೀಲಿ ಹೊಗೆ. “ಬಾಗಿಲು ಹಾಕು, ಒಗೆದ ಬಟ್ಟೆಗೆಲ್ಲ ಹತ್ತುತ್ತೆ” ಎನ್ನುತ್ತಾ ಅತ್ತೆ ಒಳಗೆ ಹೋದರು.